ಲೀಲಕ್ಕನ ಹೊಸ್ತಿಲು

ಲೀಲಕ್ಕನಿಗೆ ಬಂಗಾರದ ಹುಚ್ಚಿರಲಿಲ್ಲ, ಸೀರೆಯ ಹುಚ್ಚೂ ಇರಲಿಲ್ಲ. ಸ್ವೀಡನ್ನಿಗೆ ಬಂದ ನಮ್ಮವರಿಗೆಲ್ಲ ತಗಲಿಕೊಳ್ಳುವ ಅಗ್ಗದ ವಿಮಾನ ಟಿಕೆಟ್ಟು ಹುಡುಕುವ ಹುಚ್ಚು ಕೂಡ ಅವಳ ಹತ್ತಿರ ಸುಳಿದಿರಲಿಲ್ಲ. ಅವಳಿಗಿದ್ದದ್ದು ಒಂದೇ ಆಸೆ, ತನ್ನದು ಅಂತ ಒಂದು ಹೊಸ್ತಿಲು ಬೇಕು ಅನ್ನುವುದು. ಬೇರೆಯವರು ಸ್ವಂತ ಮನೆ ಅನ್ನುವ ಕಡೆ ಅವಳು ಹೊಸ್ತಿಲು ಅನ್ನುತ್ತಿದ್ದಳು. ಮೊದಲ ಸಲ ಕೇಳಿದಾಗ ನಾನು ನಕ್ಕೆ. ಮಿಕ್ಕ ಮನೆ ಯಾರಿಗೆ ಬಿಡ್ತೀಯಾ ಅಂತ ಚುಡಾಯಿಸಿದೆ. ಅವಳು ನಗಲಿಲ್ಲ. ಆಮೇಲೆ ನಾನೂ ಆ ಮಾತಿಗೆ ನಗುವುದನ್ನು ಬಿಟ್ಟೆ.

ನಾನಿದ್ದದ್ದು ಉಪ್ಸಾಲಾದಲ್ಲಿ, ಔಷಧದ ಕಂಪನಿಯೊಂದರ ಲ್ಯಾಬಿನಲ್ಲಿ. ಲೀಲಕ್ಕ ಇದ್ದದ್ದು ಉತ್ತರಕ್ಕೆ, ಸ್ಯಾಂಡ್‌ವಿಕೆನ್‌ನಲ್ಲಿ. ಅವಳ ಗಂಡ ಗೋಪೀನಾಥರು ಅಲ್ಲಿನ ಉಕ್ಕಿನ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದರು. ಹಬ್ಬ ಬಂತೆಂದರೆ ನಾನು ರೈಲು ಹತ್ತಿ ಅವಳ ಮನೆಗೆ ಓಡುತ್ತಿದ್ದೆ. ಒಬ್ಬಳೇ ಇರುವವಳಿಗೆ ಹೋಳಿಗೆ ಮಾಡಿ ಬಡಿಸುವವರು ಸಿಕ್ಕಿದರೆ ದೂರ ಲೆಕ್ಕಕ್ಕೆ ಬರುವುದಿಲ್ಲ.

ಅವಳ ಅಪ್ಪ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್. ಬೀರೂರು, ಅರಸೀಕೆರೆ, ಹರಿಹರ ಅಂತ ಎಲ್ಲೆಲ್ಲಿ ವರ್ಗವಾಯಿತೋ ಅಲ್ಲಲ್ಲಿನ ಕ್ವಾರ್ಟರ್ಸಿನಲ್ಲಿ ಅವಳ ಬಾಲ್ಯ ಕಳೆಯಿತು. ಬಾಗಿಲಿಗೆ ಟಾರಿನಲ್ಲಿ ಬರೆದ ನಂಬರು, ಬಾಗಿಲ ಕೆಳಗೆ ಸರ್ಕಾರದ ಸಿಮೆಂಟಿನ ಹೊಸ್ತಿಲು. ಅವಳಮ್ಮ ದಿನಾ ಬೆಳಿಗ್ಗೆ ಅದನ್ನು ತೊಳೆದು, ಅರಿಸಿನ ಹಚ್ಚಿ, ಕುಂಕುಮ ಇಟ್ಟು, ಎರಡು ಎಳೆ ರಂಗೋಲಿ ಎಳೆಯುತ್ತಿದ್ದರು. ವರ್ಗವಾದ ದಿನ ಬೀಗದ ಕೈ ಒಪ್ಪಿಸುವ ಮೊದಲು ಅದೇ ಅರಿಸಿನವನ್ನು ಕತ್ತದಿಂದ ಉಜ್ಜಿ ತೆಗೆಯುತ್ತಿದ್ದರು, ಮುಂದೆ ಬರುವವರು ಯಾವ ಜಾತಿಯೋ ಯಾವ ಧರ್ಮವೋ ಅಂತ. ಹಾಗೆ ಉಜ್ಜುವುದನ್ನು ನೋಡಲಾರದೆ ಲೀಲಕ್ಕ ಲಾರಿಯ ಹಿಂದೆ ಹೋಗಿ ನಿಲ್ಲುತ್ತಿದ್ದಳಂತೆ.

ಮದುವೆಯಾಗಿ ಬಂದದ್ದು ಬೆಂಗಳೂರಿನ ಶ್ರೀರಾಮಪುರದ ಒಂದು ವಠಾರಕ್ಕೆ. ಓನರಮ್ಮ ಒಂದು ಹಜಾರಕ್ಕೆ ಅಡ್ಡಗೋಡೆ ಎಬ್ಬಿಸಿ ಎರಡು ಸಂಸಾರ ತುಂಬಿದ್ದರು. ಲೀಲಕ್ಕನ ಪಾಲಿಗೆ ಬಂದ ಬಾಗಿಲು ಪ್ಲೈವುಡ್ಡಿನದು, ಅದರ ಕೆಳಗೆ ಹೊಸ್ತಿಲೇ ಇಲ್ಲ. ರಂಗೋಲಿ ಏನಿದ್ದರೂ ಬೀದಿ ಬಾಗಿಲಿಗೆ, ಅದನ್ನು ಹಾಕುವ ಹಕ್ಕು ಓನರಮ್ಮನದು. ಒಂದು ಶ್ರಾವಣ ಶುಕ್ರವಾರ ಓನರಮ್ಮ ಊರಲ್ಲಿರಲಿಲ್ಲ. ಇವಳು ಆಸೆಪಟ್ಟು ಬೀದಿ ಬಾಗಿಲ ಹೊಸ್ತಿಲಿಗೆ ಅರಿಸಿನ ಹಚ್ಚಿದ್ದಕ್ಕೆ ವಾಪಸು ಬಂದಾಕೆ ವಠಾರಕ್ಕೆಲ್ಲ ಕೇಳುವ ಹಾಗೆ, 'ಯಾರ ಮನೆ ಲಕ್ಷ್ಮೀನ ಯಾರು ಕರೀತಾರೋ ನೋಡ್ರಮ್ಮಾ' ಅಂದಿದ್ದರಂತೆ. ಆ ಮಾತನ್ನು ಲೀಲಕ್ಕ ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ, ಸ್ವೀಡನ್ನಿನ ಅಡುಗೆಮನೆಯಲ್ಲಿ ನಿಂತು. ಆಗಲೂ ಅವಳ ಮುಖ ಕೆಂಪಾಗಿತ್ತು.

ಸ್ಯಾಂಡ್‌ವಿಕೆನ್‌ನಲ್ಲಿ ಸಿಕ್ಕಿದ್ದು ಮೂರನೆಯ ಮಹಡಿಯ ಬಾಡಿಗೆ ಫ್ಲಾಟು. ಬಾಗಿಲು ತೆಗೆದರೆ ಎಲ್ಲರ ಮೆಟ್ಟಿಲು. ಮೊದಲ ಸಂಕ್ರಾಂತಿಗೆ ಬಾಗಿಲ ಹೊರಗೆ ಅಂಗೈಯಗಲ ರಂಗೋಲಿ ಹಾಕಿ ಒಳಗೆ ಬಂದು ಎಳ್ಳು ಬೀರುವ ತಟ್ಟೆ ಜೋಡಿಸುತ್ತಿದ್ದಾಗ ಬೆಲ್ಲಾಯಿತು. ಎದುರು ಮನೆಯ ಗಂಡಸು ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದ. ಯಾರೋ ನಿಮ್ಮ ಬಾಗಿಲ ಮುಂದೆ ಹಿಟ್ಟು ಚೆಲ್ಲಿದ್ದರು, ನೀವು ಜಾರಿಬೀಳಬಾರದು ಅಂತ ಒರೆಸಿದ್ದೇನೆ ಅಂದ. ಲೀಲಕ್ಕ ಅವನಿಗೆ ಥ್ಯಾಂಕ್ಸ್ ಹೇಳಿ ಕೈಗೆ ಎಳ್ಳು ಬೆಲ್ಲ ಕೊಟ್ಟು ಕಳಿಸಿದಳು. ಸ್ವೀಡನ್ನಿನವರ ಒಳ್ಳೆಯತನವೇ ಹೀಗೆ. ಕೇಳುವುದಿಲ್ಲ, ಹೇಳುವುದಿಲ್ಲ, ಮಾಡಿ ಮುಗಿಸಿರುತ್ತಾರೆ.

ಕೋಲ್‌ಫೋರ್ಸ್ ಅನ್ನುವ ಊರನ್ನು ಅವಳು ಮೊದಲು ನೋಡಿದ್ದು ಸ್ವೀಡಿಷ್ ಭಾಷೆಯ ತರಗತಿಯವರು ಪಿಕ್ನಿಕ್ಕಿಗೆ ಕರೆದುಕೊಂಡು ಹೋದಾಗ. ಸ್ಯಾಂಡ್‌ವಿಕೆನ್‌ನಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಮುನ್ನೂರು ವರ್ಷದ ಹಿಂದೆ ಕಬ್ಬಿಣ ಕರಗಿಸಿ ಬಡಿಯುವುದಕ್ಕೆಂದೇ ಕಟ್ಟಿದ ಊರು, ಇಂಥವನ್ನು ಇಲ್ಲಿ ಬ್ರೂಕ್ ಅನ್ನುತ್ತಾರೆ. ಒಂದು ತೊರೆ, ತೊರೆಗೆ ಕಟ್ಟೆ, ನೀರಿನ ಚಕ್ರದಿಂದ ಏಳುತ್ತಿದ್ದ ದೊಡ್ಡ ಸುತ್ತಿಗೆಯ ಮನೆ. ಮೇಲಿನ ತುದಿಯಲ್ಲಿ ಯಜಮಾನನ ಹಳದಿ ಬಂಗಲೆ. ಕೆಳಗೆ ಒಂದೇ ಬೀದಿ, ಎರಡೂ ಕಡೆ ಕಮ್ಮಾರರ ಕೆಂಪು ಮನೆಗಳ ಸಾಲು. ಸುತ್ತಿಗೆ ನಿಂತು ಎಷ್ಟೋ ಕಾಲವಾಗಿದೆ, ಮನೆಗಳು ಮಾತ್ರ ಹಾಗೇ ಇವೆ.

ಮುಂದಿನ ಶನಿವಾರವೇ ನನ್ನನ್ನು ಎಳೆದುಕೊಂಡು ಹೋದಳು. ತನ್ನ ತವರು ತೋರಿಸುವವಳ ಹಾಗೆ ಒಂದೊಂದನ್ನೇ ತೋರಿಸಿದಳು. ಪೈನ್ ಮರದ ಇಡೀ ದಿಮ್ಮಿಗಳನ್ನು ಒಂದರ ಮೇಲೊಂದು ಮಲಗಿಸಿ, ಮೂಲೆಯಲ್ಲಿ ಬೆರಳಿಗೆ ಬೆರಳು ಹೆಣೆದ ಹಾಗೆ ಕಚ್ಚಿಸಿದ್ದಾರೆ. ಸಂದಿಗೆಲ್ಲ ಪಾಚಿ ತುರುಕಿದ್ದಾರೆ. ತಳಪಾಯಕ್ಕೆ ಹಾಕಿದ್ದು ಕಲ್ಲಲ್ಲ, ಕುಲುಮೆಯಲ್ಲಿ ಉಳಿದ ಕಿಟ್ಟವನ್ನು ಅಚ್ಚಿಗೆ ಹೊಯ್ದು ಮಾಡಿದ ಇಟ್ಟಿಗೆ. ಬಿಸಿಲು ಬಿದ್ದ ಕಡೆ ಅದು ನೀಲಿ ಹಸಿರಾಗಿ ಗಾಜಿನಂತೆ ಮಿನುಗುತ್ತದೆ. ಗೋಡೆಯ ಕೆಂಪು ಬಣ್ಣ ತಾಮ್ರದ ಗಣಿಯ ಮಣ್ಣನ್ನು ಹಿಟ್ಟಿನ ಗಂಜಿಯಲ್ಲಿ ಕುದಿಸಿ ಮಾಡುವಂಥದ್ದು ಅಂತ ಯಾರೋ ಅವಳಿಗೆ ಹೇಳಿದ್ದರು.

'ನಮ್ಮ ಕಡೆ ಕೆಮ್ಮಣ್ಣು ಸಾರಿಸ್ತಿರ್ಲಿಲ್ವೇನೇ ನಿವೇದಿತಾ, ಸೇಮ್ ಅದೇ' ಅಂದಳು. 'ಈಗ ಬಾಗ್ಲು ನೋಡು.'

ಬಾಗಿಲು ಗಿಡ್ಡ, ಹೊಸ್ತಿಲು ಎತ್ತರ. ಚಳಿ ಒಳಗೆ ನುಗ್ಗಬಾರದು ಅಂತ ಹಾಗೆ ಕಟ್ಟುತ್ತಿದ್ದರಂತೆ. ಒಳಗೆ ಹೋಗುವವನು ಯಾರೇ ಆಗಲಿ ತಲೆ ತಗ್ಗಿಸಬೇಕು, ಕಾಲು ಎತ್ತಬೇಕು. ನಮ್ಮ ಗರ್ಭಗುಡಿಗಳ ಬಾಗಿಲೂ ಹೀಗೇ ಇರುತ್ತದಲ್ಲ ಅಂತ ನನಗೂ ಅನ್ನಿಸಿತು. ಲೀಲಕ್ಕ ರಸ್ತೆಯಲ್ಲೇ ನಿಂತು ಯಾರದೋ ಬಾಗಿಲನ್ನು ನೋಡುತ್ತಿದ್ದಳು. ಒಳಗಿನವರು ಪರದೆ ಸರಿಸಿ ನಮ್ಮನ್ನು ನೋಡಲು ಶುರುಮಾಡಿದಾಗ ನಾನೇ ಕೈಹಿಡಿದು ಎಳೆದುಕೊಂಡು ಬಂದೆ.

ಅದೇ ಬೀದಿಯ ಒಂದು ಮನೆ ಮಾರಾಟಕ್ಕೆ ಬಂದದ್ದು ಎರಡು ಸಾವಿರದ ಆರರ ವಸಂತದಲ್ಲಿ. ಯಜಮಾನತಿ ಇಂಗ್ರಿಡ್ ಅಂತ, ಎಂಬತ್ತು ದಾಟಿದ ವಿಧವೆ. ಆಕೆಯ ಗಂಡನ ಅಜ್ಜ, ಮುತ್ತಜ್ಜ ಎಲ್ಲರೂ ಆ ಸುತ್ತಿಗೆಯ ಮನೆಯಲ್ಲಿ ದುಡಿದವರು. ಸೊಂಟದ ಮೂಳೆಯ ಆಪರೇಷನ್ ಆದ ಮೇಲೆ ಒಬ್ಬಳೇ ಇರುವುದು ಕಷ್ಟವಾಗಿ, ಕಮ್ಯೂನಿನ, ಅಂದರೆ ಇಲ್ಲಿನ ಪುರಸಭೆಯ, ವೃದ್ಧಾಶ್ರಮದಲ್ಲಿ ಕೋಣೆ ತೆಗೆದುಕೊಳ್ಳಲು ಒಪ್ಪಿದ್ದಳು. ಲೀಲಕ್ಕ ಪೇಪರಿನ ಆ ಜಾಹೀರಾತನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಗೋಪೀನಾಥರು ಅದನ್ನು ನೋಡಿಯೂ ನೋಡದವರಂತೆ ಮೊಸರು ತೆಗೆದುಕೊಳ್ಳುತ್ತಿದ್ದರು.

ಗೋಪೀನಾಥರು ಕೆಟ್ಟವರಲ್ಲ. 'ಇನ್ನೆರಡು ವರ್ಷ, ಆಮೇಲೆ ವಾಪಸ್' ಅನ್ನುವ ಪಂಗಡಕ್ಕೆ ಸೇರಿದವರು ಅಷ್ಟೆ. ಆ ಎರಡು ವರ್ಷ ಪ್ರತಿ ವರ್ಷವೂ ಎರಡೇ ವರ್ಷವಾಗಿ ಉಳಿದಿತ್ತು. ಸೋಫಾ ಕೊಳ್ಳುವುದಕ್ಕೂ ಹಿಂದೆಮುಂದೆ ನೋಡುವ ಮನುಷ್ಯ ಮನೆ ಕೊಳ್ಳುತ್ತಾರೆಯೇ? ಆ ಸಾಲಿನ ಮನೆಗಳೆಲ್ಲ ಸರ್ಕಾರ ಕಾಪಾಡುತ್ತಿರುವ ಹಳೆಯ ಕಟ್ಟಡಗಳು. ಹೊರಗೆ ಬಣ್ಣ ಬದಲಿಸುವ ಹಾಗಿಲ್ಲ, ಕಿಟಕಿ ದೊಡ್ಡದು ಮಾಡುವ ಹಾಗಿಲ್ಲ, ಹೆಂಚು ಬೇರೆ ಹಾಕುವ ಹಾಗಿಲ್ಲ ಅಂತ ಕಮ್ಯೂನಿನಾಕೆ ಫೋನಿನಲ್ಲಿ ಹೇಳಿದಾಗ ಅವರಿಗೆ ಒಳ್ಳೆಯ ನೆಪ ಸಿಕ್ಕಿತು.

'ಇದೇನು ಮನೆನಾ, ಮ್ಯೂಸಿಯಮ್ಮಾ? ಒಂದು ಮೊಳೆ ಹೊಡಿಯೋಕೂ ಪರ್ಮಿಷನ್ ಕೇಳ್ಬೇಕು' ಅಂದರು. ಅದು ಸಾಲದು ಅಂತ ಬೆಂಗಳೂರಿಗೆ ಫೋನು ಮಾಡಿ ಅಣ್ಣನಿಂದ ವಾಸ್ತು ಬೇರೆ ಕೇಳಿಸಿದರು. ದಕ್ಷಿಣಕ್ಕೆ ಬಾಗಿಲು, ಬೇಡವೇ ಬೇಡ ಅಂತ ಅಣ್ಣನ ತೀರ್ಪು ಬಂತು. ಚಳಿಗಾಲದಲ್ಲಿ ಸೂರ್ಯ ದಕ್ಷಿಣದಲ್ಲಿ ಒಂದಿಷ್ಟು ಹೊತ್ತು ಮುಖ ತೋರಿಸಿ ಮಲಗಿಬಿಡುವ ಈ ದೇಶದಲ್ಲಿ ದಕ್ಷಿಣದ ಬಾಗಿಲನ್ನು ಬೇಡ ಅನ್ನುವವರನ್ನು ನಾನು ಅವರೊಬ್ಬರನ್ನೇ ಕಂಡದ್ದು.

ಲೀಲಕ್ಕ ಜಗಳವಾಡುವವಳಲ್ಲ. ಅವತ್ತು ಮಾತ್ರ, ನನ್ನೆದುರಿಗೇ, ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿ ಹೇಳಿದಳು.

'ರೀ, ಹುಟ್ಟಿದ್ದು ರೈಲ್ವೆಯವ್ರ ಮನೇಲಿ, ಬಾಳಿದ್ದು ಓನರಮ್ಮನ ಮನೇಲಿ, ಈಗ ಇರೋದು ಕಂಪನಿ ಕೊಡ್ಸಿದ ಮನೇಲಿ. ನನ್ನ ಹೆಣಾನೂ ಬಾಡಿಗೆ ಬಾಗ್ಲಿಂದ್ಲೇ ಹೊರಗೆ ಹೋಗ್ಬೇಕಾ, ಹೇಳ್ಬಿಡಿ.'

ಗೋಪೀನಾಥರು ಆ ಭಾನುವಾರ ಮನೆ ನೋಡಲು ಹೊರಟರು. ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡರು, ಬಹುಶಃ ಹೆಂಡತಿಯ ಜೊತೆ ಒಬ್ಬರೇ ಇರಲು ಧೈರ್ಯ ಸಾಲದೆ.

ಇಲ್ಲಿ ಮನೆ ಮಾರುವಾಗ ಒಂದು ದಿನ ಗೊತ್ತುಮಾಡಿ ಎಲ್ಲರಿಗೂ ಬಾಗಿಲು ತೆರೆಯುತ್ತಾರೆ. ಸಂತೆಗೆ ಬಂದ ಹಾಗೆ ಜನ ಬಂದಿದ್ದರು. ಸ್ಟಾಕ್‌ಹೋಮಿನಿಂದ ಬೇಸಿಗೆ ಮನೆ ಹುಡುಕಿಕೊಂಡು ಬಂದ ಗಂಡಹೆಂಡತಿಯರೂ ಇದ್ದರು. ಎಲ್ಲರೂ ಬೂಟುಗಾಲಿನಿಂದ ಹೊಸ್ತಿಲನ್ನು ಮೆಟ್ಟಿ ಒಳಗೆ ಹೋಗಿ, ಅಲ್ಲಿ ಬೂಟು ಬಿಚ್ಚುತ್ತಿದ್ದರು. ಆ ಹೊಸ್ತಿಲು ನಡುವೆ ಸವೆದು ಗಂಧ ತೇಯುವ ಕಲ್ಲಿನಂತೆ ಹಳ್ಳವಾಗಿತ್ತು. ಎಷ್ಟು ತಲೆಮಾರಿನ ಕಮ್ಮಾರರು ಅದರ ಮೇಲೆ ಕಾಲಿಟ್ಟು ಕೆಲಸಕ್ಕೆ ಹೋಗಿದ್ದರೋ. ಲೀಲಕ್ಕ ಚಪ್ಪಲಿಯನ್ನು ಹೊರಗೇ ಬಿಟ್ಟಳು. ಒಂದು ಕೈಯಿಂದ ಚೌಕಟ್ಟು ಹಿಡಿದು, ಬಗ್ಗಿ, ಇನ್ನೊಂದು ಕೈಯಿಂದ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಬಲಗಾಲನ್ನು ಎತ್ತರಕ್ಕೆ ಎತ್ತಿ, ಅದಕ್ಕೆ ಬೆರಳೂ ಸೋಕದಂತೆ ಒಳಗಿಟ್ಟಳು. ಕುಳ್ಳಿ ಅವಳು, ಅಷ್ಟು ಮಾಡುವುದಕ್ಕೆ ಸಾಕಷ್ಟು ಹೆಣಗಬೇಕಾಯಿತು. ಅಡುಗೆಮನೆಯ ಬೆಂಚಿನ ಮೇಲೆ ಕೂತಿದ್ದ ಇಂಗ್ರಿಡ್ ಅವಳನ್ನೇ ನೋಡುತ್ತಿದ್ದಳು.

ಸ್ಟಾಕ್‌ಹೋಮಿನವರು ಹೆಚ್ಚು ಕೊಡಲು ಮುಂದೆ ಬಂದಿದ್ದರಂತೆ. ಇಂಗ್ರಿಡ್ ಒಪ್ಪಲಿಲ್ಲ. ಚಳಿಗಾಲದಲ್ಲೂ ಆ ಕಿಟಕಿಯಲ್ಲಿ ದೀಪ ಕಾಣಬೇಕು, ಬೇಸಿಗೆಗೆ ಮಾತ್ರ ಬಂದು ಹೋಗುವವರಿಗೆ ಕೊಡುವುದಿಲ್ಲ ಅಂತ ದಲ್ಲಾಳಿಗೆ ಹೇಳಿ, ಮನೆಯನ್ನು ಲೀಲಕ್ಕನಿಗೆ ಒಪ್ಪಿಸಿದಳು. ಸಹಿಯಾಯಿತು. ಬೀಗದ ಕೈ ಮಾತ್ರ ಶರದೃತುವಿನಲ್ಲಿ, ಆಶ್ರಮದ ಕೋಣೆ ಖಾಲಿಯಾದ ಮೇಲೆ.

ಆ ನಡುವಿನ ಬೇಸಿಗೆಯಲ್ಲಿ ಲೀಲಕ್ಕ ಇದ್ದಷ್ಟು ಖುಷಿಯಾಗಿ ನಾನು ಯಾರನ್ನೂ ನೋಡಿಲ್ಲ. ವಾರಕ್ಕೊಮ್ಮೆ ಚಕ್ಕುಲಿಯನ್ನೋ ಕೋಡುಬಳೆಯನ್ನೋ ಡಬ್ಬಿಗೆ ಹಾಕಿಕೊಂಡು ಇಂಗ್ರಿಡ್ ಮನೆಗೆ ಫೀಕಾಗೆ, ಅಂದರೆ ಇಲ್ಲಿನವರ ಕಾಫಿ ತಿಂಡಿಯ ಹೊತ್ತಿಗೆ, ಹೋಗುವಳು. ಇಬ್ಬರೂ ಕಾಫಿ ಕುಡಿಯುತ್ತ, ಅರ್ಧ ಮಾತಿನಲ್ಲಿ ಅರ್ಧ ಕೈಸನ್ನೆಯಲ್ಲಿ ಹರಟೆ ಹೊಡೆಯುವರು. ಹೋಗುವಾಗ ಬರುವಾಗ ಲೀಲಕ್ಕ ಹೊಸ್ತಿಲಿಗೆ ಬಗ್ಗುವಳು, ಮುಟ್ಟುವಳು, ಕಾಲೆತ್ತಿ ದಾಟುವಳು. ಯಾಕೆ ಅಂತ ಇಂಗ್ರಿಡ್ ಕೇಳಲಿಲ್ಲ, ಇಲ್ಲಿನವರು ಕೇಳುವುದಿಲ್ಲ. ಲೀಲಕ್ಕನೂ ಹೇಳಲಿಲ್ಲ. ಹೊಸ್ತಿಲಿಗೆ ನಮಸ್ಕಾರ ಮಾಡುವುದನ್ನು ನಮ್ಮಲ್ಲಿ ಯಾರು ಬಿಡಿಸಿ ಹೇಳುತ್ತಾರೆ?

ಒಮ್ಮೆ ಕೇಳಿದ್ದೆ, ಇಷ್ಟು ವರ್ಷ ಕಾದದ್ದು ಸಾಲದೇ, ಇನ್ನೂ ಕೆಲವು ವಾರ ಯಾಕೆ ಕಾಯಬೇಕು, ಅರಿಸಿನ ಹಚ್ಚಬೇಕು ಅನ್ನಿಸಿದರೆ ಈಗಲೇ ಹಚ್ಚು ಅಂತ.

'ಬೇಡ ಕಣೇ' ಅಂದಳು. 'ಅವ್ರು ಇರೋವರ್ಗೂ ಅದು ಅವ್ರದ್ದು. ಯಾರ ಮನೆ ಲಕ್ಷ್ಮೀನ ಯಾರು ಕರೆಯೋದು ಅನ್ನಿಸ್ಕೊಳ್ಳೋದು ಒಂದ್ಸಲ ಸಾಕು.'

ಗೃಹಪ್ರವೇಶಕ್ಕೆ ಲಿಂಕೋಪಿಂಗಿನಲ್ಲಿ ಓದುತ್ತಿದ್ದ ಮಗಳು ದೀಪ್ತಿಯೂ ಬಂದಿದ್ದಳು. ಮಾವಿನೆಲೆ ಇಲ್ಲದ ಊರು, ಬರ್ಚ್ ಎಲೆಗಳನ್ನೇ ಪೋಣಿಸಿ ತೋರಣ ಮಾಡಿದ್ದೆವು. ಲೀಲಕ್ಕ ಮೈಸೂರು ಸಿಲ್ಕ್ ಉಟ್ಟು, ಹಾಲಿನ ಪಾತ್ರೆಯನ್ನು ಮಗಳ ಕೈಗೆ ಕೊಟ್ಟು, ತಾನು ಅರಿಸಿನ ಕುಂಕುಮದ ತಟ್ಟೆ ಹಿಡಿದು ಮುಂದೆ ನಡೆದಳು. ನಾವು ಹಿಂದೆ. ಬಾಗಿಲ ಪಕ್ಕದಲ್ಲಿ ಇಂಗ್ರಿಡ್ ತನ್ನ ಗಾಲಿಯ ವಾಕರ್ ಹಿಡಿದು ನಿಂತಿದ್ದಳು. ನೀಲಿ ಉಡುಪು, ತುಟಿಗೆ ಬಣ್ಣ, ಕಳ್ಳ ಮಗುವಿನಂಥ ನಗು.

ಲೀಲಕ್ಕ ಬಗ್ಗಿದವಳು ಬಗ್ಗಿದ ಹಾಗೇ ನಿಂತುಬಿಟ್ಟಳು.

ಹೊಸ್ತಿಲು ಇರಲಿಲ್ಲ. ಇದ್ದ ಜಾಗದಲ್ಲಿ ನೆಲಕ್ಕೆ ಸಮನಾಗಿ ಹೊಸ ಓಕ್ ಪಟ್ಟಿ, ಅದರ ಅಂಚಿಗೆ ಚಳಿ ತಡೆಯುವ ಕಪ್ಪು ರಬ್ಬರು. ಬಾಗಿಲ ತಳಕ್ಕೂ ಹೊಸ ಮರ ಸೇರಿಸಿ ಚೆನ್ನಾಗಿ ಹೊಂದಿಸಿದ್ದರು. ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತು ಅಂದರೆ ಅಲ್ಲಿ ಹಿಂದೆ ಬೇರೇನೋ ಇತ್ತು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಇಂಗ್ರಿಡ್ ಮುಂದೆ ಬಂದು ಲೀಲಕ್ಕನ ತೋಳು ಹಿಡಿದಳು. ನಿಧಾನವಾಗಿ, ಎಲ್ಲರಿಗೂ ಅರ್ಥವಾಗುವ ಸ್ವೀಡಿಷಿನಲ್ಲಿ ಹೇಳಿದಳು: 'ಬೇಸಿಗೆ ಪೂರ್ತಿ ನೋಡಿದೆ. ಪ್ರತಿ ಸಲ ನೀನು ಚೌಕಟ್ಟು ಹಿಡಿದುಕೊಂಡು, ಕೈಯೂರಿ, ಎಷ್ಟು ಕಷ್ಟಪಟ್ಟು ದಾಟುತ್ತಿದ್ದೆ. ಮೊಣಕಾಲು ನೋವು ಅಂತ ನೀನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ನನಗೆ ಗೊತ್ತಾಗುವುದಿಲ್ಲವೇ, ನನ್ನ ಸೊಂಟವೇ ಹೀಗಿರುವಾಗ? ನನ್ನ ತಂಗಿಯ ಮಗ ಬಡಗಿ. ಅವನಿಗೆ ಹೇಳಿ ಹೋದ ವಾರ ಹೊಸ್ತಿಲು ತೆಗೆಸಿಬಿಟ್ಟೆ. ಇದು ನನ್ನ ಕಡೆಯಿಂದ ನಿನಗೆ ಉಡುಗೊರೆ.'

ಹೊರಗೆ ಒಂದು ಮೊಳೆ ಹೊಡೆಯಲು ಬಿಡದ ಸರ್ಕಾರದ ಕಣ್ಣು ತಪ್ಪಿಸಿ ಮುದುಕಿ ಮಾಡಿಸಿದ ಕೆಲಸ ಅದು. ದೀಪ್ತಿ ಬಾಯಿ ತೆರೆದಳು, ಅವಳಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಸ್ವೀಡಿಷ್ ಬರುತ್ತದೆ. ಲೀಲಕ್ಕ ತಿರುಗದೆಯೇ ಹಿಂದಕ್ಕೆ ಕೈ ಚಾಚಿ ಮಗಳ ಮುಂಗೈ ಹಿಡಿದಳು.

'ಒಂದು ಮಾತೂ ಆಡ್ಬೇಡ' ಅಂದಳು ಕನ್ನಡದಲ್ಲಿ. ಆಮೇಲೆ ಇಂಗ್ರಿಡ್‌ಗೆ ಅವರ ಭಾಷೆಯಲ್ಲಿ 'ತಕ್, ತಕ್' ಅಂತ ಧನ್ಯವಾದ ಹೇಳಿ, ಕೂತು, ಆ ಓಕ್ ಪಟ್ಟಿಗೆ ಅರಿಸಿನ ಹಚ್ಚಿದಳು. ಹೊಸ ಪಾಲಿಷ್ ಮರ, ಅರಿಸಿನ ನಿಲ್ಲಲಿಲ್ಲ, ನೀರಿನ ಜೊತೆ ರಬ್ಬರಿನ ಕಡೆಗೆ ಹರಿಯಿತು. ಅವಳು ಬೆರಳಿನಿಂದ ಅದನ್ನು ಮತ್ತೆ ಮತ್ತೆ ಮೇಲಕ್ಕೆ ಬಳಿದಳು. ಹಾಲು ಉಕ್ಕಿತು, ಎಲ್ಲರೂ ಪಾಯಸ ಉಂಡರು. ಇಂಗ್ರಿಡ್ ಎರಡು ಸಲ ಹಾಕಿಸಿಕೊಂಡಳು.

ಊಟವಾದ ಮೇಲೆ ಗೋಪೀನಾಥರು ಕಾಣಲಿಲ್ಲ. ಹುಡುಕಿಕೊಂಡು ಹಿತ್ತಲಿಗೆ ಹೋದರೆ, ರೇಷ್ಮೆ ಪಂಚೆಯನ್ನು ಮೇಲಕ್ಕೆ ಕಟ್ಟಿ, ಸೌದೆ ಕೊಟ್ಟಿಗೆಯ ಒಳಗೆ ಒಂದೊಂದೇ ತುಂಡು ಎತ್ತಿ ಇಟ್ಟು ನೋಡುತ್ತಿದ್ದರು. ಮುಖವೆಲ್ಲ ಧೂಳು. ಮನೆಯೇ ಬೇಡ ಅಂದಿದ್ದ ಮನುಷ್ಯ. ಊಟಕ್ಕೆ ಬಂದಿದ್ದ ಇಂಗ್ರಿಡ್‌ಳ ತಂಗಿಯ ಮಗ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಹಳೆಯ ಹೊಸ್ತಿಲು ಹುಡುಕುತ್ತಿದ್ದೀರಾ, ಅದನ್ನು ತೆಗೆದ ದಿನವೇ ಕೊಯ್ದು ದೊಡ್ಡಮ್ಮನ ಒಲೆಗೆ ಹಾಕಿದೆವು ಅಂದ. ತುಂಬಾ ಒಣಗಿದ ಮರ, ಚೆನ್ನಾಗಿ ಉರಿಯಿತು ಅಂತಲೂ ಸೇರಿಸಿದ. ಗೋಪೀನಾಥರು ಕೈಯಲ್ಲಿದ್ದ ಸೌದೆಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟು, ಕೈ ಒರೆಸಿಕೊಂಡು ಒಳಗೆ ಬಂದರು. ಸೌದೆಯ ಧೂಳು ಹತ್ತಿದ ಗಂಡನ ಪಂಚೆಯನ್ನು ಲೀಲಕ್ಕ ನೋಡಿದಳು. ಅವಳಿಗೆ ಅರ್ಥವಾಯಿತು ಅಂತ ನನಗೆ ಗೊತ್ತಾಯಿತು.

ಪಾತ್ರೆ ತೊಳೆಯುವಾಗ ನಾನು ಸಿಟ್ಟಿನಿಂದ ಅಂದೆ, ಹೇಳಬೇಕಿತ್ತು ಲೀಲಕ್ಕ, ಆಕೆಗೆ ಗೊತ್ತಾಗಬೇಕಿತ್ತು ಅಂತ.

'ಹೇಳಿ ಏನ್ ಮಾಡ್ಲಿ? ಎಂಬತ್ತು ವರ್ಷದ ಜೀವ. ಕೊಟ್ಟಿದ್ದು ಪ್ರೀತಿಯಿಂದ' ಅಂದಳು. ಸ್ವಲ್ಪ ಹೊತ್ತು ತಪ್ಪಲೆ ಉಜ್ಜಿದಳು. ಆಮೇಲೆ ನಲ್ಲಿ ನಿಲ್ಲಿಸಿದಳು. 'ನಂಗೇನ್ ಸಂಕಟ ಅಂದ್ರೆ ನಿವೇದಿತಾ, ಅದನ್ನ ನಾನು ಮುಟ್ಟಿದ್ದೆಲ್ಲಾ ಅದು ಇನ್ನೊಬ್ರದ್ದಾಗಿದ್ದಾಗ. ನಂದಾಗೋ ಹೊತ್ತಿಗೆ ಅದೇ ಇಲ್ಲ.' ಇಷ್ಟು ಹೇಳಿ ಅತ್ತಳು. ನಾನೂ ಅತ್ತೆ. ಪಕ್ಕದ ಕೋಣೆಯಲ್ಲಿ ಇಂಗ್ರಿಡ್ ದೀಪ್ತಿಗೆ ಆ ಮನೆಯ ಒಲೆ ಹಚ್ಚುವ ಬಗೆ ಹೇಳಿಕೊಡುತ್ತಿದ್ದಳು.

ಲೀಲಕ್ಕ ಆ ಮನೆಯನ್ನು ಚೆನ್ನಾಗಿಯೇ ಇಟ್ಟುಕೊಂಡಳು. ಬೀದಿಯವರೆಲ್ಲ ಅವಳ ಸ್ನೇಹಿತರಾದರು. ಬೇಸಿಗೆಯಲ್ಲಿ ಹಳೆಯ ಮನೆಗಳನ್ನು ನೋಡಲು ಬರುವ ಪ್ರವಾಸಿಗರಿಗೆ ಬಾಗಿಲ ಮುಂದಿನ ರಂಗೋಲಿಯೂ ಒಂದು ಫೋಟೋ ಆಯಿತು. ಅವರು ರಂಗೋಲಿಯ ಫೋಟೋ ತೆಗೆಯುವಾಗ ಲೀಲಕ್ಕ ಎದುರು ಮನೆಯ ಬಾಗಿಲ ಕಡೆ ನೋಡುತ್ತಿದ್ದಳು. ಅಲ್ಲಿ ಹಳೆಯ ಹೊಸ್ತಿಲು ಹಾಗೇ ಇತ್ತು, ಜನ ಬೂಟುಗಾಲಿನಲ್ಲಿ ಅದನ್ನು ಮೆಟ್ಟಿ ಓಡಾಡುತ್ತಿದ್ದರು.

ಎರಡು ವರ್ಷದ ಮೇಲೆ, ಒಂದು ಫೆಬ್ರವರಿಯ ಗುರುವಾರ, ನಾನು ಅಲ್ಲಿದ್ದೆ. ಗುರುವಾರ ಇಂಗ್ರಿಡ್ ಬರುವ ದಿನ. ಆಶ್ರಮದ ಗಾಡಿ ಅವಳನ್ನು ಬಾಗಿಲಲ್ಲಿ ಇಳಿಸಿತು. ವಾಕರಿನ ಗಾಲಿಗಳು ಆ ಓಕ್ ಪಟ್ಟಿಯ ಮೇಲೆ ಸಲೀಸಾಗಿ ಉರುಳಿ ಒಳಗೆ ಬಂದವು. ಆಕೆ ತನ್ನ ಹಳೆಯ ಬೆಂಚಿನ ಮೇಲೆ, ಕಿಟಕಿಯ ಪಕ್ಕ ಕೂತಳು. ಲೀಲಕ್ಕ ಸೌದೆ ತರಲು ಹೊರಗೆ ಹೋಗಿದ್ದವಳು ಎರಡು ಕೈಯಲ್ಲೂ ಹೊರೆ ಹಿಡಿದು ವಾಪಸು ಬಂದಳು. ಬಾಗಿಲಿಗೆ ಬಂದಾಗ ತಲೆ ತಗ್ಗಿಸಿ, ಬಲಗಾಲನ್ನು ಮೊಣಕಾಲಿನ ಎತ್ತರಕ್ಕೆ ಎತ್ತಿ, ಅಲ್ಲಿ ಇಲ್ಲದ್ದನ್ನು ದಾಟಿ ಒಳಗಿಟ್ಟಳು. ಎಡಗಾಲನ್ನೂ ಹಾಗೇ. ಅವಳಿಗೆ ತಾನು ಹಾಗೆ ಮಾಡಿದ್ದು ಗೊತ್ತಿತ್ತೋ ಇಲ್ಲವೋ, ಹೇಳಲಾರೆ.

ಇಂಗ್ರಿಡ್ ಕಾಫಿಯ ಬಟ್ಟಲು ಕೆಳಗಿಟ್ಟಳು. 'ಮೊಣಕಾಲು ಇನ್ನೂ ನೋಯುತ್ತದೆಯೇ?' ಅಂತ ಕೇಳಿದಳು, ನಿಜವಾದ ಕಳವಳದಿಂದ.

ಲೀಲಕ್ಕ ಸೌದೆಯನ್ನು ಒಲೆಯ ಪಕ್ಕ ಜೋಡಿಸಿ, ಸೆರಗಿನಿಂದ ಕೈ ಒರೆಸಿಕೊಂಡಳು.

'ಸ್ವಲ್ಪ' ಅಂದಳು. 'ಚಳಿಗಾಲದಲ್ಲಿ ಮಾತ್ರ.'

'ಹಾಗಾದರೆ ತೆಗೆಸಿದ್ದು ಒಳ್ಳೆಯದೇ ಆಯಿತು' ಅಂದಳು ಇಂಗ್ರಿಡ್.

'ಹೌದು' ಅಂತ ಹೇಳಿ ಲೀಲಕ್ಕ ಅವಳಿಗೆ ಇನ್ನಷ್ಟು ಕಾಫಿ ಬಗ್ಗಿಸಿದಳು.